ಹೊರೆ, ಭಾರ, ಹೇರು: ‘ಲೇಡನ್’ ಬರೆಯಬೇಕೋ ‘ಬರ್ಡನ್ಡ್’ ಬರೆಯಬೇಕೋ

ಮೆಕ್ಕೆಜೋಳ ಹೇರಿದ ಲಾರಿ. ಬ್ಯಾಂಕಿನ ಸಾಲ ಕೂತಿರುವ ಜಮೀನು. ಅಣ್ಣನ ಸಾಲಕ್ಕೆ ಜಾಮೀನು ಹಾಕಿ ಸಿಕ್ಕಿಕೊಂಡ ತಮ್ಮ. ಪಂಪ್‌ಸೆಟ್ ಹೆಚ್ಚಾಗಿ ಸುಟ್ಟುಹೋದ ಟಿಸಿ, ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರ್. ಕನ್ನಡದಲ್ಲಿ ಇವೆಲ್ಲಕ್ಕೂ ‘ಭಾರ’ ಎಂದೋ ‘ಹೊರೆ’ ಎಂದೋ ಹೇಳಿದರೆ ಕೆಲಸ ನಡೆಯುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಒಂದೊಂದಕ್ಕೂ ಬೇರೆ ಪದ ಬೇಕು. ಅದಲುಬದಲಾದರೆ ಅರ್ಥವೇ ಪಲ್ಲಟವಾಗುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಹೋಗುವ ಪತ್ರ, ಉಪನೋಂದಣಿ ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗುವ ಕ್ರಯಪತ್ರ, ಚಿತ್ರದುರ್ಗದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಬರೆಯುವ ಅರ್ಜಿ, ಈ ಮೂರರಲ್ಲೂ ಎಲ್ಲದಕ್ಕೂ ‘ಬರ್ಡನ್’ ಎಂದು ಬಿದ್ದಿರುವುದು ಸಾಮಾನ್ಯ. ಡಿಕ್ಷನರಿಯಲ್ಲಿ ‘ಹೊರೆ’ ಎದುರಿಗೆ ಮೊದಲು ಸಿಗುವ ಪದ ಅದು ಎಂಬುದೇ ಕಾರಣ.

ಆಯ್ಕೆಗೆ ಇಂಗ್ಲಿಷ್ ವ್ಯಾಕರಣಕ್ಕಿಂತ ಮೊದಲು ನಿಮ್ಮ ಬಾಯಲ್ಲಿ ಬರುವ ಕನ್ನಡ ಕ್ರಿಯಾಪದವನ್ನೇ ಕೇಳಿಸಿಕೊಳ್ಳಿ. ‘ಹೇರಿದೆ’, ‘ತುಂಬಿದೆ’ ಎಂದು ಬಂದರೆ ಲೇಡನ್ ಅಥವಾ ಲೋಡೆಡ್. ‘ಹೊರೆಯಾಗಿದೆ’, ‘ಹೊರಲಾಗುತ್ತಿಲ್ಲ’ ಎಂದರೆ ಬರ್ಡನ್ಡ್. ‘ಋಣ ಇದೆ’, ‘ಅಡಮಾನದಲ್ಲಿದೆ’ ಎಂದರೆ ಎನ್‌ಕಂಬರ್ಡ್. ‘ನನ್ನ ತಲೆಗೆ ಕಟ್ಟಿದರು’ ಎಂದರೆ ಸ್ಯಾಡಲ್ಡ್. ಇಷ್ಟರಲ್ಲಿ ಮುಕ್ಕಾಲು ಪಾಲು ವಾಕ್ಯಗಳು ಸರಿಹೋಗುತ್ತವೆ. ಉಳಿದ ಕಾಲು ಪಾಲಿಗೆ ಮುಂದಿನ ವಿವರ.

ಲೇಡನ್: ತುಂಬಿದ್ದನ್ನು ಹೇಳುವ ಪದ, ನೋವನ್ನಲ್ಲ

‘ಲೇಡನ್’ ಎಂಬುದು ‘ಲೇಡ್’ ಎಂಬ ಹಳೆಯ ಕ್ರಿಯಾಪದದ ರೂಪ. ಹೇರುವುದು ಎಂದು ಅದರ ಅರ್ಥ. ಆ ಕ್ರಿಯಾಪದ ಈಗ ಹೆಚ್ಚುಕಡಿಮೆ ಬಳಕೆ ತಪ್ಪಿದೆ. ಹಡಗಿನ ಸರಕಿಗೆ ಕೊಡುವ ‘ಬಿಲ್ ಆಫ್ ಲೇಡಿಂಗ್’ನಲ್ಲಿ ಮಾತ್ರ ಜೀವಂತವಾಗಿದೆ. ಆದ್ದರಿಂದ ‘ವಿ ಲೇಡನ್ಡ್ ದ ಲಾರಿ’ ಎಂದು ಬರೆಯುವಂತಿಲ್ಲ. ಹೇರುವ ಕೆಲಸಕ್ಕೆ ‘ಲೋಡೆಡ್’, ಹೇರಿ ಆದ ಮೇಲಿನ ಸ್ಥಿತಿಗೆ ‘ಲೇಡನ್’. ‘ವಿ ಲೋಡೆಡ್ ದ ಲಾರಿ ಅಟ್ ದ ಎಪಿಎಂಸಿ ಯಾರ್ಡ್’ ಎಂಬುದು ಕೆಲಸ. ‘ದ ಲಾರಿ, ಲೇಡನ್ ವಿತ್ ಮೇಜ್, ಲೆಫ್ಟ್ ಅಟ್ ಸಿಕ್ಸ್’ ಎಂಬುದು ಸ್ಥಿತಿ. ಜೊತೆಗೆ ಬರುವ ಪದ ಯಾವಾಗಲೂ ‘ವಿತ್’. ‘ಲೇಡನ್ ಬೈ’ ತಪ್ಪು, ‘ಲೇಡನ್ ಆಫ್’ ಇನ್ನೂ ತಪ್ಪು.

ಈ ಪದದಲ್ಲಿ ಸಂಕಟದ ಸುಳಿವಿಲ್ಲ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹೊಸದುರ್ಗದ ದಾಳಿಂಬೆ ಗಿಡ ಕಾಯಿ ತುಂಬಿ ಬಾಗಿದ್ದರೆ ‘ಲೇಡನ್ ವಿತ್ ಫ್ರೂಟ್’. ಸಂಕ್ರಾಂತಿ ಸಂತೆಯಿಂದ ಚೀಲ ತುಂಬಿಕೊಂಡು ಬಂದವರು ‘ಲೇಡನ್ ವಿತ್ ಬ್ಯಾಗ್ಸ್’. ಎರಡೂ ಸಂತೋಷದ ಮಾತು. ಅಲ್ಲಿ ‘ಬರ್ಡನ್ಡ್ ವಿತ್ ಫ್ರೂಟ್’ ಎಂದು ಬರೆದರೆ ಓದುವವನಿಗೆ ಕೊಂಬೆ ಮುರಿಯುವ ಸ್ಥಿತಿ ಕಾಣುತ್ತದೆ, ಬೆಳೆ ಕಾಣುವುದಿಲ್ಲ.

ಇನ್ನೊಂದು ರೂಪ ಪದದ ಬಾಲಕ್ಕೆ ಅಂಟಿಕೊಂಡು ಬರುತ್ತದೆ: ‘ಡಸ್ಟ್-ಲೇಡನ್’, ‘ಡೆಟ್-ಲೇಡನ್’, ‘ಮಾಯಿಶ್ಚರ್-ಲೇಡನ್’. ನಡುವೆ ಅಡ್ಡಗೆರೆ ಬೇಕು. ಭೂಗೋಳದ ಉತ್ತರಪತ್ರಿಕೆಯಲ್ಲಿ ಮೂರನೆಯದು ಬೇಕೇ ಬೇಕು. ನೈರುತ್ಯ ಮುಂಗಾರಿನ ತೇವ ತುಂಬಿದ ಗಾಳಿ ಪಶ್ಚಿಮಘಟ್ಟ ಹತ್ತುವಾಗಲೇ ಬಹುಪಾಲು ಮಳೆ ಸುರಿಸಿಬಿಡುತ್ತದೆ. ಚಳ್ಳಕೆರೆ, ಹಿರಿಯೂರಿನ ಕಡೆ ಬರುವ ಹೊತ್ತಿಗೆ ಅದು ‘ಮಾಯಿಶ್ಚರ್-ಲೇಡನ್’ ಅಲ್ಲ. ಮಳೆ ನೆರಳಿನ ಪ್ರದೇಶ ಎಂದರೆ ಅದೇ. ‘ಮಾಯಿಶ್ಚರ್-ಲೋಡೆಡ್ ವಿಂಡ್ಸ್’ ಎಂದು ಬರೆದರೆ ಯಾರೋ ಯಂತ್ರ ಹಿಡಿದು ಗಾಳಿಗೆ ನೀರು ತುಂಬಿದಂತೆ ಕೇಳಿಸುತ್ತದೆ.

ಆರ್‌ಸಿ ಕಾರ್ಡಿನಲ್ಲಿ ಇದೇ ಪದ

ಲಾರಿ ಇಟ್ಟವರಿಗೆ ‘ಲೇಡನ್’ ಪುಸ್ತಕದ ಪದವೇ ಅಲ್ಲ. ಆರ್‌ಸಿಯಲ್ಲಿ ‘ಅನ್‌ಲೇಡನ್ ವೇಟ್’ ಎಂದು ಒಂದು ಅಂಕಿ ಇರುತ್ತದೆ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಅದು ವಾಹನದ ಜೊತೆ ಸಾಮಾನ್ಯವಾಗಿ ಇರುವ ಸಲಕರಣೆಗಳೆಲ್ಲ ಸೇರಿದ, ಆದರೆ ಚಾಲಕ ಮತ್ತು ಸಹಾಯಕನ ತೂಕ ಸೇರದ ಬರಿಗಾಡಿಯ ತೂಕ. ಇನ್ನೊಂದು ಅಂಕಿ ‘ಗ್ರಾಸ್ ವೆಹಿಕಲ್ ವೇಟ್’, ಗಾಡಿ ಮತ್ತು ಸರಕು ಸೇರಿ ರಸ್ತೆಯಲ್ಲಿ ಇರಬಹುದಾದ ಗರಿಷ್ಠ ತೂಕ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಏರಿಸಿದ ಮೇಲೆ ಎರಡು ಆಕ್ಸಲಿನ, ಆರು ಚಕ್ರದ ಲಾರಿಗೆ ಈ ಮಿತಿ 16.2 ಟನ್‌ನಿಂದ 18.5 ಟನ್ನಿಗೆ ಹೋಯಿತು.

ಲೆಕ್ಕ ಹೀಗೆ. ಆರ್‌ಸಿಯಲ್ಲಿ ಅನ್‌ಲೇಡನ್ 6,500 ಕಿಲೋ, ಗ್ರಾಸ್ 18,500 ಕಿಲೋ ಇದೆ ಎಂದುಕೊಳ್ಳಿ. ಸರಕಿಗೆ ಉಳಿಯುವುದು 12,000 ಕಿಲೋ. ಮೆಕ್ಕೆಜೋಳದ ಚೀಲ 60 ಕಿಲೋದ್ದಾದರೆ 200 ಚೀಲ, ಅದರಲ್ಲೂ ಚಾಲಕ ಮತ್ತು ಕ್ಲೀನರ್ ತೂಕಕ್ಕೆ ಎರಡು ಮೂರು ಚೀಲ ಬಿಡಬೇಕು. ವೇ ಬ್ರಿಡ್ಜ್ ಚೀಟಿಯಲ್ಲಿ ಬರುವ ‘ಟೇರ್’ ಮತ್ತು ಆರ್‌ಸಿಯ ‘ಅನ್‌ಲೇಡನ್’ ಒಂದೇ ಎಂದು ಬಹಳ ಮಂದಿ ತಿಳಿಯುತ್ತಾರೆ. ಟೇರ್ ಎಂದರೆ ಆ ದಿನ ಆ ಹಲಗೆಯ ಮೇಲೆ ಖಾಲಿ ಗಾಡಿ ನಿಂತಾಗ ಬಂದ ತೂಕ. ಚಾಲಕ ಇಳಿಯದಿದ್ದರೆ ಅವನೂ, ಮೇಲಿನ ತಾಡಪಾಲು, ಹಗ್ಗ ಎಲ್ಲವೂ ಅದರಲ್ಲಿ ಸೇರಿರುತ್ತದೆ. ನೂರಿನ್ನೂರು ಕಿಲೋ ವ್ಯತ್ಯಾಸ ಬಂದರೆ ಮೋಸ ಎಂದು ಜಗಳಕ್ಕೆ ನಿಲ್ಲುವ ಮೊದಲು ಇದನ್ನು ನೋಡಿ. ಖರೀದಿದಾರನಿಗೆ ಬರೆಯುವ ಪತ್ರದಲ್ಲೂ ವೇ ಬ್ರಿಡ್ಜ್ ಅಂಕಿಗೆ ‘ಟೇರ್ ವೇಟ್’ ಎಂದೇ ಬರೆಯಿರಿ. ‘ಅನ್‌ಲೇಡನ್’ ಎಂದರೆ ಆತ ಆರ್‌ಸಿ ತೆಗೆದು ತಾಳೆ ನೋಡುತ್ತಾನೆ, ತಾಳೆ ಬರುವುದಿಲ್ಲ.

ಎತ್ತರ ಇದ್ದ ಮಾತ್ರಕ್ಕೆ ಭಾರವಲ್ಲ: ಮಂಡಕ್ಕಿ ಗಾಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹೊರಡುವ ಗೂಡ್ಸ್ ಗಾಡಿಯನ್ನು ಹತ್ತಿರದಿಂದ ನೋಡಿ. ಚೀಲಗಳು ಕ್ಯಾಬಿನ್ನಿಗಿಂತ ಎತ್ತರ, ಎರಡೂ ಮಗ್ಗುಲಿಗೆ ಉಬ್ಬಿಕೊಂಡು, ಹಗ್ಗ ಬಿಗಿದ ಕಡೆ ಸೊಂಟ ಹಿಡಿದಂತೆ ಒಳಕ್ಕೆ ಹೋಗಿರುತ್ತವೆ. ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಸ್ಪ್ರಿಂಗ್ ಪ್ಲೇಟು ಹೆಚ್ಚು ಕುಗ್ಗಿರುವುದಿಲ್ಲ, ಟಯರಿನ ಪಕ್ಕ ಉಬ್ಬಿರುವುದಿಲ್ಲ. ಪಕ್ಕದಲ್ಲೇ ಭತ್ತ ಹೇರಿ ನಿಂತ ಗಾಡಿಯ ಸರಕು ಅರ್ಧ ಎತ್ತರವೂ ಇಲ್ಲ, ಆದರೆ ಪ್ಲೇಟು ಕೂತುಬಿಟ್ಟಿರುತ್ತದೆ.

ಭತ್ತದ ಗಾಡಿ ‘ಹೆವಿಲಿ ಲೇಡನ್’. ಮಂಡಕ್ಕಿ ಗಾಡಿ ‘ಲೇಡನ್ ವಿತ್ ಪಫ್ಡ್ ರೈಸ್’ ಸರಿ, ‘ಪೈಲ್ಡ್ ಹೈ ವಿತ್’ ಇನ್ನೂ ಸರಿ, ಆದರೆ ‘ಹೆವಿಲಿ ಲೇಡನ್’ ಸುಳ್ಳು. ‘ಲೇಡನ್’ ಒಂದೇ ಇದ್ದಾಗ ತುಂಬಿದೆ ಎಂದಷ್ಟೇ. ‘ಹೆವಿಲಿ’ ಸೇರಿದರೆ ತೂಕದ ಮಾತು.

ದಂಡದ ನೋಟಿಸಿಗೆ ಉತ್ತರ ಬರೆಯುವಾಗ ಈ ವ್ಯತ್ಯಾಸಕ್ಕೆ ದುಡ್ಡಿನ ಬೆಲೆ ಇದೆ. ಕೇಂದ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಕಲಂ 194(1) ತೂಕ ಮೀರಿದ್ದಕ್ಕೆ: 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಹೆಚ್ಚುವರಿ ಸರಕು ಇಳಿಸುವ ಖರ್ಚು. ಕಲಂ 194(1ಎ) ಬೇರೆ. ಅದು ಸರಕು ಅಕ್ಕಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಅಥವಾ ಎತ್ತರಕ್ಕೆ ಮಿತಿ ಮೀರಿ ಚಾಚಿದ್ದಕ್ಕೆ, ಅದಕ್ಕೂ 20,000. ಮಂಡಕ್ಕಿ, ಹತ್ತಿ, ಮೇವು ಸಾಗಿಸುವವರಿಗೆ ಬರುವುದು ಎರಡನೆಯದೇ ಹೆಚ್ಚು. ಅದಕ್ಕೆ ‘ದ ವೆಹಿಕಲ್ ವಾಸ್ ನಾಟ್ ಓವರ್‌ಲೋಡೆಡ್’ ಎಂದು ವೇ ಬ್ರಿಡ್ಜ್ ಚೀಟಿ ಲಗತ್ತಿಸಿ ಉತ್ತರ ಕೊಟ್ಟರೆ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತೆ. ‘ದ ಲೋಡ್ ಡಿಡ್ ನಾಟ್ ಪ್ರೊಜೆಕ್ಟ್ ಬಿಯಾಂಡ್ ದ ಬಾಡಿ’ ಎಂದು ಬರೆದು ಅಳತೆ, ಫೋಟೊ ಇಡಬೇಕು. ನೋಟಿಸಿನಲ್ಲಿ ಯಾವ ಕಲಂ ಇದೆ ಎಂದು ಮೊದಲು ಓದಿ, ಆಮೇಲೆ ಪದ ಆರಿಸಿ.

ಲೋಡೆಡ್: ಯಂತ್ರ, ವಿದ್ಯುತ್ತು, ಮತ್ತೆ ಒಳ ಉದ್ದೇಶ

ಲೇಡನ್ ಬರಬಹುದಾದ ಬಹುಪಾಲು ಕಡೆ ಲೋಡೆಡ್ ಬರುತ್ತದೆ, ಸ್ವಲ್ಪ ಒರಟಾಗಿ. ಹಿಂದುಮುಂದಾದರೆ ನಡೆಯುವುದಿಲ್ಲ. ಬಂದೂಕು ‘ಲೋಡೆಡ್’, ಎಂದೂ ‘ಲೇಡನ್’ ಅಲ್ಲ. ಫೋನಿನಲ್ಲಿ ಆ್ಯಪ್ ‘ಲೋಡೆಡ್’. ಬೆಸ್ಕಾಂ ಬಿಲ್ಲಿನಲ್ಲಿ ‘ಸ್ಯಾಂಕ್ಷನ್ಡ್ ಲೋಡ್’. ಬೆಣ್ಣೆ ದೋಸೆಯ ಬಗ್ಗೆ ಊರಾಚೆಯವರಿಗೆ ಬರೆಯುವಾಗ ‘ಲೋಡೆಡ್ ವಿತ್ ಬಟರ್’ ಎಂಬುದು ಮಾತಿನ ಧಾಟಿ, ‘ಲೇಡನ್ ವಿತ್ ಬಟರ್’ ಬರವಣಿಗೆಯ ಧಾಟಿ, ಎರಡೂ ನಡೆಯುತ್ತವೆ.

ಇದಕ್ಕೆ ಎರಡು ಅಡ್ಡ ಅರ್ಥಗಳಿವೆ, ಎಚ್ಚರ ಇರಲಿ. ಮನುಷ್ಯನಿಗೆ ‘ಹಿ ಈಸ್ ಲೋಡೆಡ್’ ಎಂದರೆ ದುಡ್ಡಿದ್ದವನು ಎಂದರ್ಥ, ಅಮೆರಿಕದ ಮಾತಿನಲ್ಲಿ ಕುಡಿದವನು ಎಂದೂ ಆಗುತ್ತದೆ. ಕೆಲಸ ಜಾಸ್ತಿ ಇದೆ ಎನ್ನಲು ‘ಐ ಆ್ಯಮ್ ಲೋಡೆಡ್’ ಎಂದು ಮೇಲಧಿಕಾರಿಗೆ ಮೆಸೇಜ್ ಕಳಿಸಬೇಡಿ. ಇನ್ನು ‘ಲೋಡೆಡ್ ಕ್ವೆಶ್ಚನ್’ ಎಂದರೆ ಒಳಗೊಂದು ಊಹೆ ಅಡಗಿಸಿಟ್ಟ ಪ್ರಶ್ನೆ. ‘ಸಾಲ ತೀರಿಸುವುದನ್ನು ಯಾವಾಗ ನಿಲ್ಲಿಸಿದಿರಿ?’ ಎಂದು ಕೇಳಿದರೆ ನಿಲ್ಲಿಸಿದ್ದೀರಿ ಎಂಬುದು ಕೇಳುವವನು ಮೊದಲೇ ಒಳಗಿಟ್ಟ ಸರಕು.

ಟಿಸಿ ಬಗ್ಗೆ ದೂರು ಬರೆಯುವ ರೈತರಿಗೆ: ಬೇಕಾದ ಪದ ‘ಓವರ್‌ಲೋಡೆಡ್’. ‘ಓವರ್‌ಬರ್ಡನ್ಡ್’ ಎಂದರೆ ಎಂಜಿನಿಯರ್‌ಗೆ ಅದರಲ್ಲಿ ಅಳೆಯುವಂಥದ್ದು ಏನೂ ಇಲ್ಲ. ಪದದ ಜೊತೆ ಅಂಕಿ ಇಡಿ. 25 ಕೆವಿಎ ಟಿಸಿಯ ಮೇಲೆ 5 ಎಚ್‌ಪಿಯ ಆರು ಮೋಟಾರುಗಳಿದ್ದರೆ ಒಟ್ಟು 30 ಎಚ್‌ಪಿ. ಒಂದು ಎಚ್‌ಪಿ 746 ವ್ಯಾಟ್, ಹಾಗಾಗಿ ಮೋಟಾರು ಕೊಡುವ ಶಕ್ತಿಯೇ 22.4 ಕಿಲೋವ್ಯಾಟ್. ಮೋಟಾರಿನೊಳಗಿನ ನಷ್ಟ, ಪವರ್ ಫ್ಯಾಕ್ಟರ್ ಎರಡೂ ಸೇರಿದರೆ ಟಿಸಿಯಿಂದ ಎಳೆಯುವುದು 25 ಕೆವಿಎ ದಾಟಿಯೇ ದಾಟುತ್ತದೆ. ಟಿಸಿ ಮೇಲಿನ ಸಾಮರ್ಥ್ಯ, ಮೋಟಾರುಗಳ ಸಂಖ್ಯೆ, ಎಚ್‌ಪಿ ಈ ಮೂರನ್ನೂ ಬರೆದು ‘ಓವರ್‌ಲೋಡೆಡ್’ ಎಂದರೆ ಆ ಪದಕ್ಕೆ ಆಧಾರ ಬಂತು.

ಬರ್ಡನ್ಡ್: ಹೊತ್ತವನ ಕಡೆಯಿಂದ ನೋಡುವ ಪದ

ಲೇಡನ್ ಹೊರಗಿನಿಂದ ಕಾಣುವುದನ್ನು ಹೇಳಿದರೆ ಬರ್ಡನ್ಡ್ ಹೊತ್ತವನಿಗೆ ಏನಾಗುತ್ತಿದೆ ಎಂಬುದನ್ನು ಹೇಳುತ್ತದೆ. ಸಾಲ, ಚಿಂತೆ, ತಪ್ಪಿತಸ್ಥ ಭಾವ, ತೆರಿಗೆ, ಕೋರ್ಟ್ ಅಲೆದಾಟ ಇವಕ್ಕೆ ಇದು ಸರಿಯಾದ ಪದ. ‘ವಿತ್’, ‘ಬೈ’ ಎರಡೂ ಒಗ್ಗುತ್ತವೆ. ಸೂಕ್ಷ್ಮವಾಗಿ ನೋಡಿದರೆ, ‘ಬರ್ಡನ್ಡ್ ವಿತ್ ಡೆಟ್’ ಎಂದಾಗ ಹೊತ್ತ ವಸ್ತು ಮುಂದೆ ಬರುತ್ತದೆ, ‘ಬರ್ಡನ್ಡ್ ಬೈ ಗಿಲ್ಟ್’ ಎಂದಾಗ ಬಾಧಿಸುವುದು ಮುಂದೆ ಬರುತ್ತದೆ.

ನಮ್ಮ ಕಡೆ ಇದರ ಅತಿ ದೊಡ್ಡ ದುರ್ಬಳಕೆ ಅರ್ಜಿಗಳಲ್ಲಿ. ‘ಅಪ್ಪ ತೀರಿಕೊಂಡ ಮೇಲೆ ಇಬ್ಬರು ತಂಗಿಯರ ಜವಾಬ್ದಾರಿ ನನ್ನ ಮೇಲಿದೆ’ ಎಂಬ ಮಾತು ಇಂಗ್ಲಿಷಿಗೆ ಹೋಗುವಾಗ ‘ಐ ಆ್ಯಮ್ ಬರ್ಡನ್ಡ್ ವಿತ್ ಟೂ ಸಿಸ್ಟರ್ಸ್’ ಆಗುತ್ತದೆ. ಬರೆದವಳ ಮನಸ್ಸಿನಲ್ಲಿ ಇದ್ದದ್ದು ಹೆಮ್ಮೆ ಮತ್ತು ಕಾಳಜಿ. ಓದುವವನಿಗೆ ತಲುಪುವುದು ತಂಗಿಯರು ಬೇಡವಾಗಿದ್ದಾರೆ ಎಂಬುದು. ಕನ್ನಡದಲ್ಲಿ ‘ಜವಾಬ್ದಾರಿ’ ಎಂದು ಬಂದರೆ ಬರ್ಡನ್ ಪದವನ್ನು ಹತ್ತಿರ ಬಿಡಬೇಡಿ. ‘ಐ ಸಪೋರ್ಟ್ ಮೈ ಟೂ ಯಂಗರ್ ಸಿಸ್ಟರ್ಸ್’ ಎಂದು ಬರೆಯಿರಿ, ಅಥವಾ ‘ಐ ಆ್ಯಮ್ ರೆಸ್ಪಾನ್ಸಿಬಲ್ ಫಾರ್’. ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುವುದಕ್ಕೆ ‘ಐ ಕೇರ್ ಫಾರ್ ಮೈ ಗ್ರ್ಯಾಂಡ್‌ಮದರ್’. ಮನೆ ಖರ್ಚೆಲ್ಲ ಒಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ‘ಮೈ ಮದರ್ಸ್ ವೇಜಸ್ ಆರ್ ಅವರ್ ಓನ್ಲಿ ಇನ್‌ಕಮ್’. ಇದಕ್ಕಿಂತ ಬಲವಾದ ವಾಕ್ಯ ಬೇಕಿಲ್ಲ. ಮದುವೆ ಬಯೋಡೇಟಾದಲ್ಲಿ ‘ನೋ ಬರ್ಡನ್ಸ್’ ಎಂದು ಹಾಕುವುದೂ ಇದೇ ತಪ್ಪು.

ಕಚೇರಿಯಲ್ಲಿ ಇನ್ನೊಂದು ಜೋಡಿ: ‘ವರ್ಕ್‌ಲೋಡ್’ ಮತ್ತು ‘ಬರ್ಡನ್’. ವರ್ಕ್‌ಲೋಡ್ ಅಳತೆಯ ಪದ, ಅದರಲ್ಲಿ ದೂರು ಇಲ್ಲ. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆಯ ವರ್ಕ್‌ಲೋಡ್ ವಾರಕ್ಕೆ 16 ಗಂಟೆ. ನಿಮ್ಮದು 22 ಗಂಟೆ ಆಗಿದ್ದರೆ ‘ಮೈ ವರ್ಕ್‌ಲೋಡ್ ಈಸ್ 22 ಅವರ್ಸ್ ಅಗೇನ್ಸ್ಟ್ 16’ ಎಂದು ಬರೆದರೆ ಪ್ರಾಂಶುಪಾಲರು ಟೈಮ್‌ಟೇಬಲ್ ತೆಗೆಯುತ್ತಾರೆ. ‘ಐ ಆ್ಯಮ್ ಬರ್ಡನ್ಡ್’ ಎಂದು ಬರೆದರೆ ಸಮಾಧಾನದ ಮಾತು ಹೇಳಿ ಕಳಿಸುತ್ತಾರೆ.

ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜಿನ ಬರವಣಿಗೆಯಲ್ಲಿ ಲೋಡ್, ಬರ್ಡನ್ ಎರಡಕ್ಕೂ ಗೊತ್ತಾದ ಜಾಗ ಇದೆ. ಒಬ್ಬ ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದು ‘ವೈರಲ್ ಲೋಡ್’. ಒಂದು ರೋಗದಿಂದ ಇಡೀ ಜಿಲ್ಲೆಗೋ ದೇಶಕ್ಕೋ ಆಗುವ ಸಾವು, ಅಂಗವಿಕಲತೆ, ಖರ್ಚು ಸೇರಿ ‘ಡಿಸೀಸ್ ಬರ್ಡನ್’. ರೋಗಿ ದಿನಕ್ಕೆ ನುಂಗಬೇಕಾದ ಮಾತ್ರೆಗಳ ಸಂಖ್ಯೆ ‘ಪಿಲ್ ಬರ್ಡನ್’. ಇವನ್ನು ಅದಲುಬದಲು ಮಾಡುವಂತಿಲ್ಲ.

ಕೋರ್ಟಿನಲ್ಲಿ ‘ಬರ್ಡನ್ ಆಫ್ ಪ್ರೂಫ್’ ಎಂದರೆ ರುಜುವಾತು ಮಾಡುವ ಹೊಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು ಕಲಂ 104. ಹಳೆಯ 1872ರ ಕಾಯ್ದೆಯಲ್ಲಿ 101 ಆಗಿತ್ತು. ಹಳೆಯ ತೀರ್ಪು ನೋಡಿ ಬರೆಯುವವರು ಕಲಂ ಸಂಖ್ಯೆ ಬದಲಿಸಲು ಮರೆಯಬಾರದು.

ಎನ್‌ಕಂಬರ್ಡ್: ಆಸ್ತಿ ಕಾಗದದಲ್ಲಿ ಇದೊಂದೇ

ಮಾತಿನಲ್ಲಿ ‘ಎನ್‌ಕಂಬರ್ಡ್’ ಎಂದರೆ ಓಡಾಡಲು ತೊಡಕಾಗುವಷ್ಟು ಹೊತ್ತುಕೊಂಡಿರುವುದು. ಫ್ರೆಂಚಿನಿಂದ ಬಂದದ್ದು, ಮೂಲದಲ್ಲಿ ಅಡ್ಡಗಟ್ಟುವುದು ಎಂಬ ಅರ್ಥ. ಬಟ್ಟೆ ಗಂಟು ಹೊತ್ತು ಬಸ್ ಹತ್ತಲಾಗದವನು ‘ಎನ್‌ಕಂಬರ್ಡ್ ಬೈ ಲಗೇಜ್’. ಆದರೆ ನಮಗೆ ಇದು ದಿನನಿತ್ಯ ಎದುರಾಗುವುದು ‘ಇಸಿ’ ರೂಪದಲ್ಲಿ, ಎನ್‌ಕಂಬ್ರನ್ಸ್ ಸರ್ಟಿಫಿಕೇಟ್, ಋಣಭಾರ ಪ್ರಮಾಣಪತ್ರ. ಇಲ್ಲಿ ಬೇರೆ ಪದಕ್ಕೆ ಜಾಗವೇ ಇಲ್ಲ.

ಕ್ರಯಪತ್ರದಲ್ಲಿ ‘ಫ್ರೀ ಫ್ರಮ್ ಆಲ್ ಎನ್‌ಕಂಬ್ರನ್ಸಸ್’ ಎಂಬ ಸಾಲು ಇರಬೇಕು. ಇದರ ಬದಲು ‘ಫ್ರೀ ಫ್ರಮ್ ಬರ್ಡನ್ಸ್’ ಎಂದು ಟೈಪಾದರೆ ತಿದ್ದಿಸಿ. ಆಸ್ತಿ ವರ್ಗಾವಣೆ ಕಾಯ್ದೆ 1882ರ ಕಲಂ 55(1)(ಜಿ) ಮಾರುವವನ ಕರ್ತವ್ಯ ಹೇಳುವಾಗ ಎನ್‌ಕಂಬ್ರನ್ಸ್ ಪದವನ್ನೇ ಬಳಸುತ್ತದೆ: ಆ ಋಣಕ್ಕೆ ಒಳಪಟ್ಟೇ ಮಾರಾಟ ಎಂದು ಒಪ್ಪಂದವಿಲ್ಲದಿದ್ದರೆ, ಮಾರುವ ದಿನ ಇರುವ ಋಣಗಳನ್ನೆಲ್ಲ ಮಾರುವವನೇ ತೀರಿಸಬೇಕು. ಆದ್ದರಿಂದ ‘ಸಬ್ಜೆಕ್ಟ್ ಟು’ ಎಂಬ ಎರಡು ಪದ ಎಲ್ಲಾದರೂ ನುಸುಳಿದೆಯೇ ನೋಡಿ. ‘ಸಬ್ಜೆಕ್ಟ್ ಟು ದ ಮಾರ್ಟ್‌ಗೇಜ್’ ಎಂದಿದ್ದರೆ ಆ ಸಾಲ ಆಸ್ತಿ ಕೊಂಡವನ ತಲೆಗೆ ಬಂತು.

‘ಬರ್ಡನ್’ ಕಾನೂನಿಗೆ ಅಪರಿಚಿತ ಎಂದಲ್ಲ. ಅದೇ ಕಾಯ್ದೆಯ ಕಲಂ 127ರಲ್ಲಿ ದಾನದ ವಿಷಯಕ್ಕೆ ಬಳಸಿದೆ. ಒಂದೇ ದಾನಪತ್ರದಲ್ಲಿ ಹಲವು ವಸ್ತು ಕೊಟ್ಟು, ಅವುಗಳಲ್ಲಿ ಒಂದಕ್ಕೆ ಬಾಧ್ಯತೆ ಅಂಟಿಕೊಂಡಿದ್ದರೆ, ದಾನ ಪಡೆಯುವವನು ಪೂರ್ತಿ ಒಪ್ಪಬೇಕು, ಇಲ್ಲವಾದರೆ ಏನೂ ಸಿಗುವುದಿಲ್ಲ. ಅಂಥ ದಾನಕ್ಕೆ ಹೆಸರು ‘ಆನರಸ್ ಗಿಫ್ಟ್’. ಪೂರೈಸಬೇಕಾದ ಬಾಧ್ಯತೆ ಮುಖ್ಯವಾದಾಗ ಬರ್ಡನ್ಡ್, ಆಸ್ತಿಯ ಮೇಲೆ ಇನ್ನೊಬ್ಬರ ಹಕ್ಕು ಕೂತಾಗ ಎನ್‌ಕಂಬರ್ಡ್.

ಇಸಿ ಓದುವಾಗ ಪದದ ಅರ್ಥವೇ ಜನರನ್ನು ದಾರಿ ತಪ್ಪಿಸುತ್ತದೆ. ನಮೂನೆ 22ರಲ್ಲಿ ಅರ್ಜಿ ಕೊಟ್ಟ ಮೇಲೆ ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಸಿಕ್ಕರೆ ನಮೂನೆ 15, ಏನೂ ಸಿಗದಿದ್ದರೆ ನಮೂನೆ 16. ನಮೂನೆ 15 ಬಂತೆಂದರೆ ಆಸ್ತಿ ಸಾಲದಲ್ಲಿದೆ ಎಂದು ಹೆದರುವವರಿದ್ದಾರೆ. ಹಿಂದಿನ ಮಾಲೀಕ ಕೊಂಡ ಕ್ರಯಪತ್ರವೂ, ವಿಭಾಗಪತ್ರವೂ ಅದರಲ್ಲೇ ಬರುತ್ತದೆ. ಅಡಮಾನ ತೀರಿ ಬಿಡುಗಡೆ ಪತ್ರ ನೋಂದಣಿಯಾಗಿದ್ದರೆ ಎರಡೂ ನಮೂದು ಕಾಣುತ್ತವೆ. ಸಾಲುಸಾಲಾಗಿ ಓದಿ, ಪ್ರತಿ ಅಡಮಾನದ ಎದುರಿಗೆ ಅದರ ಬಿಡುಗಡೆ ಇದೆಯೇ ಎಂದು ಗುರುತು ಹಾಕಿಕೊಳ್ಳಬೇಕು. ಜೋಡಿ ಸಿಗದ ಅಡಮಾನವೇ ನಿಮ್ಮ ಎನ್‌ಕಂಬ್ರನ್ಸ್.

ನಮೂನೆ 16 ಬಂದರೂ ನಿಶ್ಚಿಂತೆ ಬೇಡ. ನೋಂದಣಿ ಪುಸ್ತಕಕ್ಕೆ ಬಾರದ್ದು ಅದರಲ್ಲಿ ಬರುವುದಿಲ್ಲ: ನೋಂದಣಿಯಾಗದ ಕರಾರು, ವಿಲ್, ಬಾಡಿಗೆದಾರನ ಸ್ವಾಧೀನ, ಬಾಕಿ ಕಂದಾಯ, ಪತ್ರ ನೋಂದಣಿ ಮಾಡದೆ ಮೂಲ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ. ಕೊನೆಯದಕ್ಕೆ 2011ರಿಂದ ನಡೆಯುತ್ತಿರುವ ಸೆರ್ಸೈ (ಬ್ಯಾಂಕುಗಳು ಅಡಮಾನ ನೋಂದಾಯಿಸುವ ಕೇಂದ್ರ ದಾಖಲೆ) ದಾಖಲೆಯಲ್ಲಿ ಹುಡುಕಬೇಕು, ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು. ಜೆರಾಕ್ಸ್ ತೋರಿಸಿ ‘ಒರಿಜಿನಲ್ ಮನೆಯಲ್ಲಿದೆ’ ಎನ್ನುವವರ ಜೊತೆ ಮುಂಗಡದ ಮಾತು ಬೇಡ.

ಹೊಲಕ್ಕಾದರೆ ಪಹಣಿಯ 11ನೇ ಕಾಲಂ ನೋಡದೆ ಮುಂದೆ ಹೋಗಬಾರದು. ಬೆಳೆ ಸಾಲದ ಋಣ ಅಲ್ಲಿ ಕೂತಿರುತ್ತದೆ. ಕೆಲವು ಕಡೆ ಬೋಜಾ ಎನ್ನುವುದು ಇದನ್ನೇ. ಸಾಲ ತೀರಿಸಿದ ಎಷ್ಟೋ ರೈತರ ಪಹಣಿಯಲ್ಲಿ ಈ ನಮೂದು ಹಾಗೇ ಉಳಿದಿರುತ್ತದೆ. ಅಂಥವರು ತಹಶೀಲ್ದಾರರಿಗೆ ‘ಮೈ ಲ್ಯಾಂಡ್ ಈಸ್ ನಾಟ್ ಬರ್ಡನ್ಡ್’ ಎಂದು ಬರೆದರೆ ಯಾವ ಕೆಲಸ ಆಗಬೇಕೆಂದೇ ತಿಳಿಯುವುದಿಲ್ಲ. ‘ದ ಲೋನ್ ಹ್ಯಾಸ್ ಬೀನ್ ರಿಪೇಡ್, ಪ್ಲೀಸ್ ಡಿಲೀಟ್ ದ ಎಂಟ್ರಿ ಇನ್ ಕಾಲಂ 11’ ಎಂದು ಬರೆದು ಬ್ಯಾಂಕಿನ ಬಾಕಿ ಇಲ್ಲದ ಪತ್ರ ಲಗತ್ತಿಸಿ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಯವರಿಗೆ ಒಂದು ವಿಶೇಷ ತೊಡಕು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕಿಂತ ಹಿಂದಿನ ಪತ್ರಗಳಲ್ಲಿ ದಾವಣಗೆರೆ, ಹರಿಹರ, ಜಗಳೂರು ‘ಚಿತ್ರದುರ್ಗ ಜಿಲ್ಲೆ’, ಚನ್ನಗಿರಿ ಮತ್ತು ಹೊನ್ನಾಳಿ ‘ಶಿವಮೊಗ್ಗ ಜಿಲ್ಲೆ’ ಎಂದಿರುತ್ತವೆ. ನ್ಯಾಮತಿಯ ಹಳೆಯ ಕಾಗದಗಳು ಹೊನ್ನಾಳಿ ತಾಲ್ಲೂಕಿನ ಹೆಸರಲ್ಲಿವೆ. ಇಂಗ್ಲಿಷಿನಲ್ಲಿ ಷೆಡ್ಯೂಲ್ (ಆಸ್ತಿಯ ವಿವರ) ಬರೆಯುವಾಗ ಈಗಿನ ಜಿಲ್ಲೆ ಬರೆದು, ‘ಫಾರ್ಮರ್ಲಿ ಇನ್ ಚಿತ್ರದುರ್ಗ ಡಿಸ್ಟ್ರಿಕ್ಟ್’ ಎಂದು ಸೇರಿಸಿದರೆ ಹಳೆಯ ಅಡಮಾನದ ಪತ್ರವೂ ಹೊಸ ಕ್ರಯಪತ್ರವೂ ಒಂದೇ ಜಮೀನಿನದು ಎಂದು ಬ್ಯಾಂಕಿನ ವಕೀಲರಿಗೆ ಗೊತ್ತಾಗುತ್ತದೆ.

ಸ್ಯಾಡಲ್ಡ್: ಕಟ್ಟಿದವರು ಬೇರೆ, ಹೊತ್ತವರು ಬೇರೆ

ಕುದುರೆಗೆ ಜೀನು ಬಿಗಿಯುವುದರಿಂದ ಬಂದದ್ದು. ‘ಸ್ಯಾಡಲ್ಡ್ ವಿತ್ ಹಿಸ್ ಬ್ರದರ್ಸ್ ಡೆಟ್’ ಎಂದರೆ ತಾನು ಮಾಡದ ಸಾಲ ತನ್ನ ತಲೆಗೆ ಬಂತು. ನಮ್ಮ ‘ತಲೆಗೆ ಕಟ್ಟುವುದು’ ಇದಕ್ಕೆ ಅಳೆದು ಹೊಲಿದಂತಿದೆ. ತಾನೇ ಬೇಕೆಂದು ಮಾಡಿದ ಗೃಹಸಾಲಕ್ಕೆ ಈ ಪದ ಹಾಕಬಾರದು. ಅಪಘಾತ ಪರಿಹಾರದ ತೀರ್ಪುಗಳಲ್ಲಿ ಹೊಣೆಯನ್ನು ವಿಮಾ ಕಂಪನಿಯ ಮೇಲೆ ‘ಸ್ಯಾಡಲ್’ ಮಾಡಿದರು ಎಂಬ ಬಳಕೆ ನಮ್ಮ ದೇಶದಲ್ಲಿ ಸಾಮಾನ್ಯ.

ಓವರ್‌ಬರ್ಡನ್: ಗಣಿಯಲ್ಲಿ ಅದು ಮಣ್ಣು

ಚಿತ್ರದುರ್ಗ, ಹೊಳಲ್ಕೆರೆ ಭಾಗದ ಗಣಿ ಕಾಗದಗಳಲ್ಲಿ ‘ಓವರ್‌ಬರ್ಡನ್’ ಎಂದು ಕಂಡರೆ ಅತಿಯಾದ ಹೊರೆ ಎಂದು ಅನುವಾದಿಸಬೇಡಿ. ಅದಿರಿನ ಮೇಲಿರುವ, ತೆಗೆದು ಬದಿಗೆ ಹಾಕಲೇಬೇಕಾದ ಮಣ್ಣು ಮತ್ತು ಬಂಡೆಗೆ ಅದು ಹೆಸರು. ‘ಓವರ್‌ಬರ್ಡನ್ ಡಂಪ್’ ಎಂದರೆ ಆ ಮಣ್ಣಿನ ದಿಬ್ಬ. ಸುಪ್ರೀಂ ಕೋರ್ಟ್ 2011ರ ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿದ ಮೇಲೆ ತಯಾರಾದ ಪುನಶ್ಚೇತನ ಯೋಜನೆಗಳಲ್ಲಿ ಈ ದಿಬ್ಬಗಳು ಕುಸಿಯದಂತೆ, ಮಳೆಗೆ ಹೊಲಕ್ಕೆ ಹರಿಯದಂತೆ ಕಾಯುವುದು ಮುಖ್ಯ ಬಾಬ್ತು. ಗ್ರಾಮಸಭೆಯಲ್ಲಿ ಇಂಥ ಕಾಗದ ಓದಿ ಹೇಳುವವರು ಇದನ್ನು ‘ಗಣಿಯ ಮೇಲ್ಮಣ್ಣು’ ಎಂದು ಹೇಳಿದರೆ ತಮ್ಮ ಹೊಲಕ್ಕೆ ಏನು ಬಂದು ಬೀಳಬಹುದೆಂದು ಜನರಿಗೆ ತಕ್ಷಣ ಗೊತ್ತಾಗುತ್ತದೆ.

ಒಂದೆರಡು ಬಿಡಿ ಪದಗಳು

‘ಫ್ರಾಟ್’ ಹಡಗಿನ ಸರಕಿನ ಪದ, ‘ಫ್ರೇಟ್’ಗೆ ಸೋದರ. ಈಗ ಸರಕಿಗೆ ಬಳಸುವುದಿಲ್ಲ. ‘ಫ್ರಾಟ್ ವಿತ್ ರಿಸ್ಕ್’, ‘ಫ್ರಾಟ್ ವಿತ್ ಡಿಫಿಕಲ್ಟೀಸ್’ ಎಂದು ಹೆಚ್ಚಾಗಿ ಅಪಾಯ, ಕಷ್ಟಗಳಿಗೆ. ಒಳ್ಳೆಯದರ ಜೊತೆ ಬರುವುದು ಅಪರೂಪ. ‘ವೇಯ್ಡ್ ಡೌನ್’ ಮನಸ್ಸಿನ ಭಾರಕ್ಕೂ ಚೀಲದ ಭಾರಕ್ಕೂ ಒಗ್ಗುತ್ತದೆ, ಬರ್ಡನ್ಡ್‌ಗಿಂತ ಮಾತಿಗೆ ಹತ್ತಿರ. ‘ಓವರ್‌ಲೇಡನ್’ ಇದೆ, ತಪ್ಪಲ್ಲ, ಆದರೆ ಕಾನೂನು ಮತ್ತು ಯಂತ್ರದ ವಿಷಯಕ್ಕೆ ‘ಓವರ್‌ಲೋಡೆಡ್’ ಎಂದೇ ಬರೆಯಿರಿ.

ಇಷ್ಟು ನೋಡಿಯೂ ಯಾವುದು ಎಂದು ತೋಚದಿದ್ದರೆ ಈ ಪದಗಳನ್ನೆಲ್ಲ ಬಿಟ್ಟು ‘ಹೆವಿ’, ‘ಫುಲ್ ಆಫ್’, ‘ಹ್ಯಾಸ್ ಅ ಲೋನ್ ಆನ್ ಇಟ್’ ಎಂದು ಬರೆಯಿರಿ. ಆದರೆ ಕ್ರಯಪತ್ರ ಮತ್ತು ದಂಡದ ನೋಟಿಸಿನ ಉತ್ತರಕ್ಕೆ ಈ ಸಡಿಲಿಕೆ ಇಲ್ಲ. ಅಲ್ಲಿ ಕಾಯ್ದೆಯಲ್ಲಿ ಯಾವ ಪದ ಇದೆಯೋ ಅದೇ ಆಗಬೇಕು.